ಒಡವೆ ಕಳಚಿಟ್ಟ ಆ ಪುಟದಿಂದ ಶುರು ಮಾಡಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಇಂಗ್ಲಿಷ್ ಲೇಖಕಿ ಜಾರ್ಜ್ ಎಲಿಯಟ್ ಅವರ ‘ಮಿಡ್ಲ್‌ಮಾರ್ಚ್’ ಕಾದಂಬರಿಯ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ನೀವು ಆತಂಕವಿಲ್ಲದೆ ಓದಬೇಕು. ಆದರೆ ಎರಡು ಸಾಲಿನ ವಿಷಾದಪತ್ರ ಲಗತ್ತಿಸಿ ಹಿಂದಿರುಗಿಸಲು ಮನಸ್ಸು ಬರಲಿಲ್ಲ. ನಿಮ್ಮ ಒಂಬತ್ತನೆಯ ಪುಟದಲ್ಲಿ ನಾಲ್ಕು ಸಾಲುಗಳಿವೆ. ಅವುಗಳಿಗಾಗಿ ಈ ಕಾಗದ.

ಅಲ್ಲಿಗೆ ಹೋಗುವ ಮೊದಲು ಉಳಿದ ಪುಟಗಳ ಮಾತು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಿಂದ ನೀವು ಆರಂಭಿಸಿದ್ದೀರಿ. ಅದು ಮದುವೆ ಮಾಡಿಸುವವರ ಗಾದೆ. ಚಪ್ಪರ, ಸಾಲ, ಬೀಗರ ಉಪಚಾರ ಎಲ್ಲ ಅದರಲ್ಲಿದೆ, ಮದುವೆಯಾದವರ ಪಾಡು ಇಲ್ಲ. ‘ಮಿಡ್ಲ್‌ಮಾರ್ಚ್’ ಚಪ್ಪರ ಬಿಚ್ಚಿದ ಮೇಲಿನ ಕಥೆ. ಎಂಬತ್ತಾರು ಅಧ್ಯಾಯಗಳ ಪುಸ್ತಕದಲ್ಲಿ ನಾಯಕಿ ಡೊರೊಥಿಯಾಳ ಮದುವೆ ಹತ್ತನೆಯ ಅಧ್ಯಾಯದ ಕೊನೆಗೆ ಒಂದೇ ವಾಕ್ಯದಲ್ಲಿ ನಡೆದುಹೋಗುತ್ತದೆ. ಇಪ್ಪತ್ತನೆಯ ಅಧ್ಯಾಯದಲ್ಲಿ ಅವಳು ರೋಮ್ ನಗರದ ಒಂದು ಕೋಣೆಯಲ್ಲಿ ಒಬ್ಬಳೇ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿರುತ್ತಾಳೆ. ಅದು ಅವಳ ಮಧುಚಂದ್ರದ ಪ್ರವಾಸ. ಗಂಡ ಕಸಾಬನ್ ಹೊಡೆದಿಲ್ಲ, ಬೈದಿಲ್ಲ. ಅವನು ಗ್ರಂಥಾಲಯದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾನೆ. ಯಾಕೆ ಅಳುತ್ತಿದ್ದೇನೆಂದು ಕೇಳಿದರೆ ಹೇಳಲು ಅವಳ ಬಳಿಯೂ ಕಾರಣವಿಲ್ಲ. ಇಂಥದ್ದನ್ನು ಹಿಡಿದ ಕಾದಂಬರಿಗೆ ಆ ಗಾದೆ ಹೊಂದುವುದಿಲ್ಲ, ತೆಗೆದುಬಿಡಿ.

ಮಾಹಿತಿಯ ಎರಡು ತಪ್ಪುಗಳನ್ನೂ ತಿದ್ದಬೇಕು. ಇದು ‘ವಿಕ್ಟೋರಿಯಾ ರಾಣಿಯ ಕಾಲದ ದಾಂಪತ್ಯದ ಚಿತ್ರ’ ಎಂದು ಮೂರು ಕಡೆ ಬರೆದಿದ್ದೀರಿ. ಪುಸ್ತಕ 1871ರ ಡಿಸೆಂಬರಿನಿಂದ 1872ರ ಡಿಸೆಂಬರಿನವರೆಗೆ ಎಂಟು ಭಾಗಗಳಾಗಿ ಹೊರಬಂದದ್ದು ವಿಕ್ಟೋರಿಯಾ ಕಾಲದಲ್ಲಿ ಎಂಬುದು ಸರಿ. ಕಥೆ ನಡೆಯುವುದು ಮಾತ್ರ 1829ರಿಂದ 1832ರ ನಡುವೆ. ವಿಕ್ಟೋರಿಯಾ ಪಟ್ಟವೇರಿದ್ದು 1837ರಲ್ಲಿ. ಕಥೆಯಲ್ಲಿ ಮತದಾನ ಸುಧಾರಣೆಯ ಗದ್ದಲ ಎದ್ದಿದೆ. ರೈಲು ಹಳಿಗೆ ಅಳತೆ ಮಾಡಲು ಬಂದವರನ್ನು ಹೊಲದ ಆಳುಗಳು ಹುಲ್ಲು ಕೆದಕುವ ಕವೆಗೋಲು ಹಿಡಿದು ಅಟ್ಟುತ್ತಾರೆ. 1819ರಲ್ಲಿ ಹುಟ್ಟಿದ ಲೇಖಕಿ ಹತ್ತು ಹನ್ನೆರಡರ ಹುಡುಗಿಯಾಗಿ ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ ಕಂಡ ಲೋಕವನ್ನು ನಲವತ್ತು ವರ್ಷ ಕಳೆದ ಮೇಲೆ ಬರೆಯುತ್ತಿದ್ದಾರೆ. ನಮ್ಮ ಅಜ್ಜಿಯರ ಯೌವನದ ಕಥೆ ಹೇಳುವಾಗ ನಮ್ಮ ದನಿಯಲ್ಲಿ ಬರುವ ಸೈರಣೆ ಈ ಪುಸ್ತಕದ ದನಿಯಲ್ಲೂ ಇದೆ. ಈ ನಲವತ್ತು ವರ್ಷಗಳ ಅಂತರ ತಿಳಿಯದಿದ್ದರೆ ಆ ದನಿ ಕಿವಿಗೆ ಬೀಳುವುದಿಲ್ಲ.

ಇನ್ನೊಂದು, ಆರನೆಯ ಪುಟದ ನಿಮ್ಮ ಪ್ರಶ್ನೆ: ‘ಡೊರೊಥಿಯಾ ಯಾಕೆ ವಿಚ್ಛೇದನ ಪಡೆಯಲಿಲ್ಲ? ಅವಳಿಗೆ ಧೈರ್ಯ ಇರಲಿಲ್ಲವೇ?’ ಇಂಗ್ಲೆಂಡಿನಲ್ಲಿ ವಿಚ್ಛೇದನಕ್ಕೆ ನ್ಯಾಯಾಲಯದ ದಾರಿ ತೆರೆದದ್ದು 1857ರ ಕಾಯ್ದೆಯಿಂದ. ಅದಕ್ಕೆ ಮೊದಲು, ಮತ್ತೆ ಮದುವೆಯಾಗಲು ಬಿಡುವಂತಹ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಆ ಒಂದು ದಂಪತಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿಸಬೇಕಿತ್ತು. ಮನಸ್ಸು ಕೂಡಿಬರಲಿಲ್ಲ ಎಂಬುದು ಅದಕ್ಕೆ ಕಾರಣವೇ ಆಗುತ್ತಿರಲಿಲ್ಲ. ಆ ಬಾಗಿಲನ್ನು ಒಳಗಿನಿಂದ ತೆರೆಯಲು ಹಿಡಿಯೇ ಇಲ್ಲ. ಇದು ಗೊತ್ತಾದ ಮೇಲೆ ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಿ, ಡೊರೊಥಿಯಾಳ ಒಂದೊಂದು ಸಂಜೆಯ ತೂಕವೂ ಬೇರೆಯಾಗುತ್ತದೆ.

ಲೇಖಕಿಯ ಜೀವನಚರಿತ್ರೆಗೆ ಎರಡೂವರೆ ಪುಟ ಕೊಟ್ಟಿದ್ದೀರಿ. ಅದರಲ್ಲಿ ನನಗೆ ಬೇಕಾದದ್ದು ಒಂದೇ ಸಂಗತಿ. ಮೇರಿ ಆ್ಯನ್ ಇವಾನ್ಸ್ ಎಂಬ, ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಬರೆದ ಈ ಹೆಣ್ಣುಮಗಳು 1854ರಿಂದ, ಕಾನೂನಿನ ಲೆಕ್ಕದಲ್ಲಿ ಬೇರೊಬ್ಬಳ ಗಂಡನಾಗಿದ್ದ, ವಿಚ್ಛೇದನ ಪಡೆಯಲಾಗದ ಜಾರ್ಜ್ ಹೆನ್ರಿ ಲೂಯಿಸ್ ಜೊತೆ ಬಾಳಿದರು. ಅಣ್ಣ ಮಾತು ಬಿಟ್ಟ. 1878ರಲ್ಲಿ ಲೂಯಿಸ್ ತೀರಿಕೊಂಡು, 1880ರಲ್ಲಿ ಅವರು ಬೇರೊಬ್ಬರನ್ನು ವಿಧಿವತ್ತಾಗಿ ಮದುವೆಯಾದ ಮೇಲೆಯೇ ಆ ಅಣ್ಣ ಮತ್ತೆ ಕಾಗದ ಬರೆದದ್ದು. ಅಂತಹವರು ‘ಮಿಡ್ಲ್‌ಮಾರ್ಚ್’ನ ಹಸ್ತಪ್ರತಿಯನ್ನು ಲೂಯಿಸ್‌ಗೆ ಅರ್ಪಿಸುವಾಗ ಬಳಸಿದ ಪದ ‘ನನ್ನ ಪ್ರಿಯ ಪತಿ’. ಮದುವೆಯ ಒಳಗಿದ್ದೂ ಜೊತೆಯಿಲ್ಲದವರ ಬಗ್ಗೆ ಇಷ್ಟು ಬರೆದವರು ಮದುವೆಯ ಹೊರಗಿದ್ದು ಜೊತೆಯಾಗಿ ಬಾಳಿದವರು. ಈ ಒಂದು ಸಂಗತಿಯನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ.

ಈಗ ನನಗೆ ನಿಜಕ್ಕೂ ಬೇಸರ ತಂದ ಕಡೆಗೆ ಬರುತ್ತೇನೆ. ಕಸಾಬನ್‌ನನ್ನು ನೀವು ‘ಖಳನಾಯಕ’ ಎಂದು ಕರೆದು ಮುಗಿಸಿದ್ದೀರಿ. ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಹತ್ತೊಂಬತ್ತರ ಹುಡುಗಿಯನ್ನು ಮದುವೆಯಾದ ಒಣ ಪಂಡಿತ, ಎಂದೂ ಮುಗಿಯದ ಗ್ರಂಥ, ತಾನು ಸತ್ತ ಮೇಲೆ ಅವಳು ಅವನ ಯುವ ಬಂಧು ವಿಲ್ ಲ್ಯಾಡಿಸ್ಲಾನನ್ನು ಮದುವೆಯಾದರೆ ಆಸ್ತಿ ಸಿಗಬಾರದೆಂದು ಉಯಿಲಿಗೆ ಸೇರಿಸಿದ ಷರತ್ತು. ಕೋಪ ಬರಬೇಕಾದದ್ದೇ. ಆದರೆ ಇಪ್ಪತ್ತೊಂಬತ್ತನೆಯ ಅಧ್ಯಾಯದ ಮೊದಲ ವಾಕ್ಯವನ್ನು ನೀವು ದಾಟಿಕೊಂಡು ಹೋಗಿದ್ದೀರಿ. ‘ಒಂದು ಬೆಳಗ್ಗೆ ಡೊರೊಥಿಯಾ...’ ಎಂದು ಶುರುಮಾಡಿದ ಲೇಖಕಿ ಅಲ್ಲೇ ತಡೆದು, ಯಾವಾಗಲೂ ಡೊರೊಥಿಯಾಳೇ ಯಾಕೆ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಈ ಮದುವೆಯಲ್ಲಿ ಅವಳ ಕಣ್ಣಿನ ನೋಟ ಒಂದೇ ಇತ್ತೇ? ಅಲ್ಲಿಂದ ಕಸಾಬನ್‌ನ ಒಳಗೆ ಇಳಿಯುತ್ತಾರೆ. ಹಸಿದು ನಡುಗುವ ಒಂದು ಪುಟ್ಟ ಜೀವ ಅಲ್ಲಿದೆ. ತನ್ನ ವಿದ್ವತ್ತು ಟೊಳ್ಳೇನೋ ಎಂಬ ಭಯ ಅವನಿಗಿದೆ. ಅದನ್ನು ಮೊದಲು ಕಂಡುಹಿಡಿಯುವವಳು ಹೆಂಡತಿಯೇ ಏನೋ ಎಂಬ ಭಯ ಅದಕ್ಕಿಂತ ದೊಡ್ಡದು.

ನಲವತ್ತೆರಡನೆಯ ಅಧ್ಯಾಯವನ್ನು ದಯವಿಟ್ಟು ಮತ್ತೆ ಓದಿ, ಅವಸರವಿಲ್ಲದೆ. ಹೃದಯದ ಕಾಯಿಲೆಯಿದೆ, ಸಾವು ಯಾವಾಗ ಬೇಕಾದರೂ ಬರಬಹುದು ಎಂದು ವೈದ್ಯ ಲಿಡ್‌ಗೇಟ್ ಆಗಷ್ಟೇ ಕಸಾಬನ್‌ಗೆ ತಿಳಿಸಿ ಹೋಗಿದ್ದಾನೆ. ತೋಟದಲ್ಲಿ ಡೊರೊಥಿಯಾ ಬಂದು ಗಂಡನ ತೋಳಿನೊಳಗೆ ಕೈ ತೂರಿಸುತ್ತಾಳೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಇರುತ್ತಾನೆ. ಸೆಟೆದ ತೋಳಿಗೆ ಅವಳ ಕೈ ಹೇಗೋ ಜೋತುಬಿದ್ದಿರುತ್ತದೆ. ನಾಲ್ಕು ಹೆಜ್ಜೆಯ ಈ ನಡಿಗೆಯಲ್ಲಿ ಒಂದು ದಾಂಪತ್ಯವೆಲ್ಲ ಇದೆ. ಅವಳು ಕೋಣೆಗೆ ಹೋಗಿ ಸಿಟ್ಟಿನಲ್ಲಿ ಬೇಯುತ್ತಾಳೆ, ಊಟಕ್ಕೂ ಇಳಿಯುವುದಿಲ್ಲ. ಹೊತ್ತು ಕಳೆದಂತೆ ಸಿಟ್ಟಿನ ಕೆಳಗಿನಿಂದ ಬೇರೇನೋ ಮೇಲೆ ಬರುತ್ತದೆ. ರಾತ್ರಿ ಕತ್ತಲಲ್ಲಿ ಕೋಣೆಯ ಹೊರಗೆ ನಿಂತು ಕಾಯುತ್ತಾಳೆ. ಗ್ರಂಥಾಲಯದ ಬಾಗಿಲು ತೆರೆದು ಅವನು ದೀಪ ಹಿಡಿದು ಮೆಟ್ಟಿಲು ಹತ್ತುತ್ತಾನೆ, ಅವಳನ್ನು ಕಂಡು ಬೆಚ್ಚುತ್ತಾನೆ. ನನಗಾಗಿ ಕಾಯುತ್ತಿದ್ದೆಯಾ ಎಂದು ಮೆತ್ತಗೆ ಕೇಳುತ್ತಾನೆ. ಬಾ, ನೀನು ಚಿಕ್ಕವಳು, ನಿದ್ದೆಗೆಟ್ಟು ಆಯುಷ್ಯ ಉದ್ದ ಮಾಡಿಕೊಳ್ಳಬೇಕಾಗಿಲ್ಲ ಎನ್ನುತ್ತಾನೆ. ಇಬ್ಬರೂ ಕೈ ಹಿಡಿದು ಆ ಅಗಲವಾದ ಪಡಸಾಲೆಯಲ್ಲಿ ನಡೆದುಹೋಗುತ್ತಾರೆ. ಕುಂಟುವ ಪ್ರಾಣಿಯೊಂದಕ್ಕೆ ಪೆಟ್ಟು ಮಾಡುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಾಗ ಆಗುವಂಥ ಸಮಾಧಾನ ಅವಳಿಗೆ ಆಯಿತು ಎಂದು ಲೇಖಕಿ ಬರೆಯುತ್ತಾರೆ.

ಇದನ್ನು ಓದಿದ ಮೇಲೂ ‘ಖಳನಾಯಕ’ ಎಂಬ ಪದ ನಿಮ್ಮ ಲೇಖನದಲ್ಲಿ ಉಳಿಯುವುದಾದರೆ ಉಳಿಯಲಿ, ನಾನು ವಾದ ಮಾಡುವುದಿಲ್ಲ. ಈ ಪಡಸಾಲೆಯ ರಾತ್ರಿಯನ್ನು ದಾಟಿಕೊಂಡು ಮಾತ್ರ ಅದು ಬರಬೇಕು. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1919ರಲ್ಲಿ ಹೇಳಿದ, ದೊಡ್ಡವರಿಗಾಗಿ ಬರೆದ ಕೆಲವೇ ಇಂಗ್ಲಿಷ್ ಕಾದಂಬರಿಗಳಲ್ಲಿ ಇದೂ ಒಂದು ಎಂಬ ಮಾತನ್ನು ನೀವು ಎರಡು ಸಲ ಉಲ್ಲೇಖಿಸಿದ್ದೀರಿ. ಎಲ್ಲರೂ ಉಲ್ಲೇಖಿಸುತ್ತಾರೆ. ದೊಡ್ಡವರಾಗುವುದು ಎಂದರೆ ಇಲ್ಲಿ ಏನು ಎಂದು ನೀವು ಹೇಳಿಲ್ಲ. ತೀರ್ಪು ಕೊಟ್ಟು ಮುಗಿಸಿದ ಮನುಷ್ಯನ ಕಡೆಗೆ ಮತ್ತೆ ತಿರುಗಿ ನೋಡುವುದು ಎಂದು ನಾನು ಓದಿಕೊಂಡಿದ್ದೇನೆ. ನೀವು ಬೇರೆಯಾಗಿ ಓದಿಕೊಂಡಿದ್ದರೆ ಅದನ್ನೇ ಬರೆಯಿರಿ, ನನಗೆ ಸಂತೋಷ.

ರೋಸಮಂಡ್‌ಗೂ ಹೀಗೇ ಆಗಿದೆ. ‘ಸ್ವಾರ್ಥಿ ಹೆಣ್ಣು’ ಎಂಬ ಎರಡು ಪದಗಳಲ್ಲಿ ಆ ವೈದ್ಯ ಲಿಡ್‌ಗೇಟ್‌ನ ಹೆಂಡತಿಯನ್ನು ಮುಗಿಸಿದ್ದೀರಿ. ಅಂದಿನ ಕಾನೂನಿನಲ್ಲಿ ಮನೆಯ ಮೇಜು ಕುರ್ಚಿಯಿಂದ ಹಿಡಿದು ಎಲ್ಲವೂ ಗಂಡನದೇ. ಸಾಲದಲ್ಲಿ ಮುಳುಗಿದ ಲಿಡ್‌ಗೇಟ್ ಮನೆಯನ್ನು ಬೇರೆಯವರಿಗೆ ಬಿಟ್ಟುಕೊಡಲು ಏರ್ಪಾಡು ಮಾಡುತ್ತಾನೆ. ರೋಸಮಂಡ್ ದನಿ ಏರಿಸುವುದಿಲ್ಲ. ಚೆನ್ನಾಗಿ ಉಡುಪು ಧರಿಸಿ ದಲ್ಲಾಳಿಯ ಬಳಿಗೆ ಹೋಗಿ ಅದನ್ನು ರದ್ದು ಮಾಡಿಸಿ ಬರುತ್ತಾಳೆ. ಕಾನೂನು ಗಂಡನ ಕಡೆಗಿದೆ, ಗೆಲುವು ಹೆಂಡತಿಯದು. ಅವಳಿಗೆ ಬೇರೆ ಯಾವ ಅಸ್ತ್ರವನ್ನು ಆ ಊರು ಕಲಿಸಿತ್ತು ಎಂದು ಕೇಳಿಕೊಂಡು ಬರೆಯಿರಿ. ಪುಸ್ತಕದ ಇನ್ನೊಂದು ಜೋಡಿ ಫ್ರೆಡ್ ಮತ್ತು ಮೇರಿ ಗಾರ್ತ್ ಬಗ್ಗೆ ನೀವು ಬರೆದದ್ದು ಸರಿಯಾಗಿದೆ, ಅದನ್ನು ಮುಟ್ಟಬೇಡಿ.

ಕೊನೆಗೆ ಒಂಬತ್ತನೆಯ ಪುಟ. ಬ್ಯಾಂಕರ್ ಬುಲ್‌ಸ್ಟ್ರೋಡ್‌ನ ಹೆಂಡತಿ ಹ್ಯಾರಿಯೆಟ್‌ಗೆ ಗಂಡನ ಬಚ್ಚಿಟ್ಟ ಹಳೆಯ ಪಾಪ ಊರಿಗೆಲ್ಲ ಗೊತ್ತಾಗಿದೆ ಎಂದು ಅವಳ ಅಣ್ಣನಿಂದ ತಿಳಿಯುತ್ತದೆ. ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲಂಕಾರದ ಒಡವೆಗಳನ್ನೆಲ್ಲ ಕಳಚಿಡುತ್ತಾಳೆ, ಸಾದಾ ಕಪ್ಪು ಉಡುಪು ಧರಿಸುತ್ತಾಳೆ, ಸಿಂಗರಿಸಿದ ಕೂದಲನ್ನು ಕೆಳಗೆ ಬಾಚಿ ಸಾದಾ ಟೋಪಿ ಇಟ್ಟುಕೊಳ್ಳುತ್ತಾಳೆ. ಇಷ್ಟನ್ನು ಹೇಳಿ ನೀವು ಬರೆದ ಸಾಲುಗಳು ಇವು: ‘ಇಲ್ಲಿ ನನಗೆ ನನ್ನ ದೊಡ್ಡಮ್ಮ ನೆನಪಾದರು. ದೊಡ್ಡಪ್ಪ ಸಂಘದ ಹಣದ ವಿಷಯದಲ್ಲಿ ಸಿಕ್ಕಿಬಿದ್ದ ದಿನ ಅವರೂ ಬಳೆ ತೆಗೆದಿಟ್ಟಿದ್ದರು. ಅಜ್ಜಿ ಕಿರುಚಿಕೊಂಡರು. ನಾನು ಆಗ ಏಳನೆಯ ತರಗತಿ.’ ಮುಂದಿನ ಪ್ಯಾರಾದಲ್ಲಿ ‘ಒಟ್ಟಿನಲ್ಲಿ ಈ ಕಾದಂಬರಿ ಕಾಲಾತೀತ’ ಎಂದು ಹೊರಟುಬಿಟ್ಟಿದ್ದೀರಿ.

ನಿಮ್ಮ ಅಜ್ಜಿ ಯಾಕೆ ಕಿರುಚಿಕೊಂಡರೆಂದು ನಮಗೆ ಗೊತ್ತು. ಗಂಡ ಬದುಕಿರುವಾಗ ಮುತ್ತೈದೆ ಒಡವೆ ಕಳಚುವುದನ್ನು ಕಣ್ಣಿಂದ ನೋಡಲಾಗದ ಜನ ನಾವು. ಹ್ಯಾರಿಯೆಟ್ ಒಡವೆ ತೆಗೆದು ಕಪ್ಪು ಧರಿಸಿದಾಗ ಕನ್ನಡದ ಓದುಗರ ಎದೆ ಒಂದು ಕ್ಷಣ ಧಸಕ್ಕೆನ್ನುತ್ತದೆ, ಈಕೆ ಗಂಡನನ್ನು ಸತ್ತವನೆಂದು ಎಣಿಸಿಬಿಟ್ಟಳು ಎಂದು. ಆದರೆ ಅವಳು ಆ ವೇಷದಲ್ಲಿ ಮೆಟ್ಟಿಲಿಳಿದು ಹೋಗುವುದು ಅವನ ಬಳಿಗೇ. ಅವನು ಮುದುಡಿ ಕುಳಿತಿದ್ದಾನೆ, ಕಣ್ಣೆತ್ತುವ ಧೈರ್ಯವಿಲ್ಲ. ಒಂದು ಕೈಯನ್ನು ಅವನ ಕೈಯ ಮೇಲೆ, ಇನ್ನೊಂದನ್ನು ಹೆಗಲ ಮೇಲೆ ಇಟ್ಟು, ‘ತಲೆ ಎತ್ತಿ ನೋಡಿ, ನಿಕೊಲಸ್’ ಎನ್ನುತ್ತಾಳೆ. ಪಕ್ಕದಲ್ಲಿ ಕುಳಿತು ಇಬ್ಬರೂ ಅಳುತ್ತಾರೆ. ಇದರಲ್ಲಿ ಎಷ್ಟು ಸುಳ್ಳು ಎಂದು ಅವಳು ಕೇಳಲಾರಳು, ನಾನು ನಿರಪರಾಧಿ ಎಂದು ಅವನು ಹೇಳಲಿಲ್ಲ. ನಮ್ಮಲ್ಲಿ ಅಗಲಿಕೆಯ ಗುರುತಾದದ್ದು ಅಲ್ಲಿ ಜೊತೆಯ ಗುರುತಾಗಿದೆ. ಇದನ್ನು ಹೀಗೆ ಬೆಚ್ಚಿ, ಆಮೇಲೆ ತಿಳಿದು ಓದುವುದು ನಮ್ಮ ಮನೆಗಳಲ್ಲಿ ಬೆಳೆದವರಿಗೆ ಸಾಧ್ಯ. ನೀವು ಅದನ್ನು ಕಂಡಿರಿ, ಕಂಡ ಕೂಡಲೇ ನಾಚಿಕೊಂಡು ಮುಚ್ಚಿಟ್ಟಿರಿ.

ಲೇಖನವನ್ನು ಆ ಪುಟದಿಂದ ಶುರು ಮಾಡಿ. ಹ್ಯಾರಿಯೆಟ್ ಮುಖ್ಯಪಾತ್ರವಲ್ಲ ಎಂಬ ಅಳುಕು ಬೇಡ, ಎಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಅವಳೇ ಮುಖ್ಯ. ಅಲ್ಲಿಂದ ಡೊರೊಥಿಯಾಳ ಪಡಸಾಲೆಗೆ ಹಿಂದಿರುಗಿ, ಆಮೇಲೆ ರೋಸಮಂಡ್. ಸಾವಿರದ ಐನೂರು ಪದ ಸಾಕು. ‘ಮೇರುಕೃತಿ’, ‘ಕಾಲಾತೀತ’, ‘ಅನನ್ಯ’ ಎಂಬ ಪದಗಳು ಹನ್ನೊಂದು ಪುಟಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ಇವೆ, ಒಂದನ್ನೂ ಉಳಿಸಬೇಡಿ. ದೊಡ್ಡಮ್ಮನ ಹೆಸರು, ಊರು ಹಾಕಬೇಡಿ. ಅವರ ಒಪ್ಪಿಗೆಯನ್ನೂ ಕೇಳಿಕೊಳ್ಳಿ. ಅವರು ಬೇಡವೆಂದರೆ ಆ ಭಾಗವನ್ನು ಬಿಟ್ಟೇ ಬರೆಯಿರಿ, ಹ್ಯಾರಿಯೆಟ್ ಒಬ್ಬಳೇ ಲೇಖನವನ್ನು ಹೊರಬಲ್ಲಳು.

ಒಪ್ಪಿದರೆ ಒಂದು ಮಾತು ಕೇಳಿ ಬನ್ನಿ. ಬಳೆ ತೆಗೆದಿಟ್ಟ ಮೇಲೆ, ಆ ಸಂಜೆ, ಅವರು ದೊಡ್ಡಪ್ಪ ಕುಳಿತಿದ್ದ ಕೋಣೆಗೆ ಹೋದರೇ?

ಮುಂದಿನ ತಿಂಗಳ ಹದಿನೈದರವರೆಗೆ ಜಾಗ ಕಾಯ್ದಿರಿಸಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ