ರಾರಾಮುರಿ ಲಂಗದ ಬಿಳಿ ತ್ರಿಕೋನಗಳಿಗೆ ಹತ್ತಿದ ಕೆಂಪು

ರಾರಾಮುರಿ ಲಂಗವನ್ನು ಒಗೆದಾಗ ಅದರ ಬಿಳಿ ತ್ರಿಕೋನಗಳಿಗೆ ಕೆಂಪು ಹತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕೆಂಪು ಬಟ್ಟೆಯಲ್ಲಿ ಉಳಿದಿದ್ದ ಹೆಚ್ಚುವರಿ ಬಣ್ಣವೇ ಇದಕ್ಕೆ ಕಾರಣವಿರಬೇಕು. ಮೆಕ್ಸಿಕೋದ ಚಿವಾವಾ ಬೆಟ್ಟಗಳ ರಾರಾಮುರಿ (ತಾರಾಹುಮಾರ) ಹೆಂಗಸರು ಈ ಅಗಲ ನೆರಿಗೆಯ ಲಂಗಗಳನ್ನು ಸಾಮಾನ್ಯವಾಗಿ ಅಂಗಡಿಯಿಂದ ತಂದ ಹತ್ತಿ ಬಟ್ಟೆಯಲ್ಲೇ ಹೊಲಿಯುತ್ತಾರೆ. ಅದನ್ನು ಮೊದಲೇ ಒಗೆದಿರದಿದ್ದರೆ ಗಾಢ ಕೆಂಪು ಮೊದಲ ಒಗೆತದಲ್ಲಿ ಬಣ್ಣ ಬಿಡುತ್ತದೆ.

ಲಂಗ ಇನ್ನೂ ಒದ್ದೆಯಾಗಿದ್ದರೆ ಒಣಗಿಸಬೇಡಿ, ಇಸ್ತ್ರಿಯನ್ನಂತೂ ಮುಟ್ಟಿಸಲೇಬೇಡಿ. ದೊಡ್ಡ ಟಬ್‌ನ ತುಂಬ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ದ್ರವ ಮಾರ್ಜಕ ಬೆರೆಸಿ, ಲಂಗವನ್ನು ಬಿಡಿಸಿ ಪೂರ್ತಿ ಮುಳುಗಿಸಿ. ನೀರು ಹೆಚ್ಚಿದ್ದಷ್ಟೂ ಒಳ್ಳೆಯದು. ಕಡಿಮೆಯಾದರೆ ಬಿಟ್ಟ ಬಣ್ಣ ಮತ್ತೆ ಬಿಳಿಗೇ ಅಂಟುತ್ತದೆ. ರಾತ್ರಿಯಿಡೀ ನೆನೆಸಿ, ನೀರು ಕೆಂಪಾದಾಗಲೆಲ್ಲ ಬದಲಿಸಿ. ನನ್ನ ಲಂಗಕ್ಕೆ ನಾಲ್ಕು ಬಾರಿ ಬದಲಿಸಬೇಕಾಯಿತು. ನಮ್ಮ ಮನೆಗಳಲ್ಲಿ ಮಾಡುವಂತೆ ಉಪ್ಪು ಹಾಕಬೇಡಿ, ಹತ್ತಿದ ಕಲೆಯನ್ನು ಅದು ತೆಗೆಯುವುದಿಲ್ಲ. ಉಜ್ಜಲೂ ಬೇಡಿ: ತ್ರಿಕೋನಗಳು ಮೇಲೆ ಹೊಲಿದ ತುಂಡುಗಳು, ಕೈಹೊಲಿಗೆಯಾಗಿದ್ದರೆ ಅಂಚು ಬಿಚ್ಚಿಕೊಳ್ಳುತ್ತದೆ. ಅಷ್ಟು ಶ್ರಮದ ಕೆಲಸ ಹಾಳಾಗಬಾರದು.

ಆಮೇಲೂ ಗುಲಾಬಿ ಛಾಯೆ ಉಳಿದರೆ ಆಕ್ಸಿಜನ್ ಬ್ಲೀಚ್ ಪುಡಿಯ ದ್ರಾವಣವನ್ನು ಮೊದಲು ಒಳಮಡಿಕೆಯ ಕೆಂಪು ಭಾಗಕ್ಕೆ ಹಚ್ಚಿ ನೋಡಿ. ಅಲ್ಲಿ ಬಣ್ಣ ಮಾಸದಿದ್ದರೆ ಮಾತ್ರ ಮುಂದುವರಿಯಿರಿ. ಕ್ಲೋರಿನ್ ಬ್ಲೀಚ್ ಬೇಡವೇ ಬೇಡ.

ನೀವು ಈಗಾಗಲೇ ಇಸ್ತ್ರಿ ಮಾಡಿದ್ದರೆ ಕಲೆ ಪೂರ್ತಿ ಹೋಗುತ್ತದೆಂದು ಹೇಳಲಾರೆ, ಆದರೂ ಇದೇ ಕ್ರಮವನ್ನು ಪ್ರಯತ್ನಿಸಿ. ಬಿಳಿ ತಿಳಿಯಾದ ಮೇಲೆ ನೆರಿಗೆಗಳನ್ನು ಕೈಯಿಂದಲೇ ಸರಿಪಡಿಸಿ, ನೆರಳಿನಲ್ಲಿ ಒಣಗಿಸಿ.