ಬೋಟ್ ಟ್ರೇಲರ್‌ಗೆ ಡಿಸ್ಕ್ ಬ್ರೇಕ್: ಚಕ್ರ ಬಿಚ್ಚುವ ಮೊದಲು ಮೂಕಿ ನೋಡಿ

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಕಳೆದ ವರ್ಷ 20 ಅಡಿಯ ಹಳೆಯ ಬೋಟ್ ಒಂದನ್ನು ಎರಡು ಆಕ್ಸಲ್‌ನ ಟ್ರೇಲರ್ ಸಮೇತ ಕೊಂಡೆ. ಎಲ್ಲ ಸೇರಿ ಸುಮಾರು 5,000 ಪೌಂಡ್. ಮೀನು ಹಿಡಿಯಲು ಹೋಗುವುದು ಗ್ಯಾಲ್ವೆಸ್ಟನ್ ಕಡೆ, ಅಂದರೆ ಉಪ್ಪುನೀರು. ಡ್ರಮ್ ಬ್ರೇಕ್‌ಗಳಿಗೆ ತುಕ್ಕು ಹಿಡಿದು ಈಗ ಒಂದು ಚಕ್ರ ಜಾಮ್ ಆಗಿದೆ. ಒಬ್ಬ ಸ್ನೇಹಿತರು ‘ದೊಡ್ಡ ಪಿಕಪ್ ಇದೆಯಲ್ಲ, ಬ್ರೇಕ್ ಕಿತ್ತು ಬಿಸಾಕಿ’ ಅನ್ನುತ್ತಾರೆ. ಇನ್ನೊಬ್ಬರು ಡಿಸ್ಕ್ ಹಾಕಿ ಅನ್ನುತ್ತಾರೆ. ಚಕ್ರದ ಕಿಟ್ ಮಾತ್ರ ತಂದು ಹಾಕಿದರೆ ಸಾಕಾ? ಮನೆಯಲ್ಲೇ ಮಾಡಬಹುದಾ?

ಉತ್ತರ: ಮೊದಲನೇ ಸ್ನೇಹಿತರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಟೆಕ್ಸಾಸ್‌ನಲ್ಲಿ ಒಟ್ಟು ತೂಕ 4,500 ಪೌಂಡ್ ದಾಟಿದ ಟ್ರೇಲರ್ ಹೆದ್ದಾರಿಯ ವೇಗದಲ್ಲಿ ಓಡಬೇಕಾದರೆ ಬ್ರೇಕ್ ಇರಲೇಬೇಕು. ಕಾನೂನು ಹಾಗಿರಲಿ, ಎರಡು ಟನ್‌ಗಿಂತ ಜಾಸ್ತಿ ಭಾರ ಹಿಂದಿನಿಂದ ನೂಕುತ್ತಿರುವಾಗ, ಅದೂ ಮಳೆ ಬಿದ್ದ ರಸ್ತೆಯಲ್ಲಿ, ಪಿಕಪ್‌ನ ಬ್ರೇಕ್ ಒಂದನ್ನೇ ನೆಚ್ಚಿಕೊಳ್ಳುವುದು ಹುಚ್ಚುತನ.

ಉಪ್ಪುನೀರಿಗೆ ಡಿಸ್ಕೇ ಸರಿ. ಡ್ರಮ್ ಒಳಗೆ ನುಗ್ಗಿದ ನೀರು ಬೇಗ ಆರುವುದಿಲ್ಲ. ಹೊರಗಿನಿಂದ ಎಷ್ಟು ಪೈಪ್ ಹಿಡಿದರೂ ಒಳಗಿನ ಸ್ಪ್ರಿಂಗ್, ವೀಲ್ ಸಿಲಿಂಡರ್‌ಗಳಿಗೆ ಸಿಹಿನೀರು ಸರಿಯಾಗಿ ತಾಗುವುದಿಲ್ಲ. ಡಿಸ್ಕ್ ಬಯಲಲ್ಲೇ ಇರುವುದರಿಂದ ತೊಳೆಯುವುದು ಸುಲಭ. ಆದರೆ ಬರೀ ಎರಕದ ಕಬ್ಬಿಣದ ಅಗ್ಗದ ಕಿಟ್ ತಂದರೆ ಅದೂ ಬೇಗ ತುಕ್ಕು ಹಿಡಿಯುತ್ತದೆ. ಸತುವಿನ ಲೇಪನ ಇರುವುದು ಅಥವಾ ಸ್ಟೇನ್‌ಲೆಸ್ ತೆಗೆದುಕೊಳ್ಳಿ. ರೋಟರ್ (ಚಕ್ರದ ಜೊತೆ ತಿರುಗುವ ತಟ್ಟೆ), ಕ್ಯಾಲಿಪರ್ (ಪ್ಯಾಡ್‌ಗಳಿಂದ ಆ ತಟ್ಟೆಯನ್ನು ಅದುಮಿ ಹಿಡಿಯುವ ಭಾಗ) ಎರಡಕ್ಕೂ ಸ್ಟೇನ್‌ಲೆಸ್ ಹಾಕುವಷ್ಟು ದುಡ್ಡಿಲ್ಲ ಅಂದರೆ ರೋಟರ್‌ಗೆ ಲೇಪನದ್ದೇ ಇರಲಿ, ಕ್ಯಾಲಿಪರ್ ಮಾತ್ರ ಸ್ಟೇನ್‌ಲೆಸ್ ಹಾಕಿ. ರೋಟರ್ ಮೇಲಿನ ತೆಳು ತುಕ್ಕನ್ನು ಪ್ಯಾಡೇ ಉಜ್ಜಿ ತೆಗೆಯುತ್ತದೆ. ಕ್ಯಾಲಿಪರ್‌ನ ಪಿಸ್ಟನ್ ಕಚ್ಚಿಕೊಂಡರೆ ಮಾತ್ರ ಕಷ್ಟ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಚಕ್ರದ ಕಿಟ್ ಮಾತ್ರ ಸಾಲದು. ಬೋಟ್ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸರ್ಜ್ ಬ್ರೇಕ್. ಪಿಕಪ್ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದೆ. ಆಗ ಮೂಕಿಯಲ್ಲಿರುವ (ಪಿಕಪ್‌ಗೆ ಸಿಕ್ಕಿಸುವ ಟ್ರೇಲರ್‌ನ ಮುಂತುದಿ) ಆ್ಯಕ್ಚುವೇಟರ್ ಒಳಕ್ಕೆ ಸರಿದು ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಅದು ಬ್ರೇಕ್ ಆಯಿಲನ್ನು ಪೈಪ್ ಮೂಲಕ ಚಕ್ರಗಳಿಗೆ ನೂಕುತ್ತದೆ. ಡ್ರಮ್‌ಗೆಂದು ಮಾಡಿದ ಆ್ಯಕ್ಚುವೇಟರ್‌ನಲ್ಲಿ ಆಯಿಲ್ ಹೊರಡುವ ಬಾಯಲ್ಲೇ ಒಂದು ಪುಟ್ಟ ವಾಲ್ವ್ ಇರುತ್ತದೆ. ಬ್ರೇಕ್ ಬಿಟ್ಟ ಮೇಲೂ ಲೈನ್‌ನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್‌ನಲ್ಲಿ ಶೂಗಳನ್ನು (ಡ್ರಮ್‌ಗೆ ಒತ್ತಿಕೊಳ್ಳುವ ಬ್ರೇಕ್ ಪಟ್ಟಿಗಳು) ಹಿಂದಕ್ಕೆಳೆಯಲು ಸ್ಪ್ರಿಂಗ್ ಇರುವುದರಿಂದ ತೊಂದರೆ ಇಲ್ಲ. ಡಿಸ್ಕ್‌ನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಪ್ಯಾಡ್ ರೋಟರನ್ನು ಸುಮ್ನೆ ಉಜ್ಜುತ್ತಲೇ ಇರುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ, ಚಕ್ರದ ನಡುವಿನ ಹಬ್ ಮುಟ್ಟಿದರೆ ಚುರ್ ಅನ್ನುತ್ತದೆ. ವಾಲ್ವ್ ಕಿತ್ತು ಹಳೆಯದನ್ನೇ ಉಳಿಸಿಕೊಳ್ಳುವವರಿದ್ದಾರೆ. ಆದರೆ ಡಿಸ್ಕ್‌ಗೆ ಬೇಕಾದ ಒತ್ತಡವೂ ಜಾಸ್ತಿ. ಅಷ್ಟೂ ವರ್ಷ ಉಪ್ಪುನೀರು ಕುಡಿದ ಮಾಸ್ಟರ್ ಸಿಲಿಂಡರ್ ಬೇರೆ. ಡಿಸ್ಕ್‌ಗೆಂದೇ ಇರುವ ಹೊಸ ಆ್ಯಕ್ಚುವೇಟರ್ ಹಾಕಿಬಿಡಿ.

ಇನ್ನೊಂದು ಫಜೀತಿ ರಿವರ್ಸ್‌ನದು. ಏರು ಜಾಗದಲ್ಲಿ ಟ್ರೇಲರನ್ನು ಹಿಂದಕ್ಕೆ ನೂಕಿದರೂ ಆ್ಯಕ್ಚುವೇಟರ್ ಒತ್ತಿಕೊಳ್ಳುತ್ತದೆ, ಅಲ್ವಾ? ಹಿಮ್ಮುಖ ತಿರುಗಿದರೆ ಹಿಡಿತ ಸಡಿಲವಾಗುವಂಥ ಶೂಗಳು ಡ್ರಮ್‌ನಲ್ಲಿ ಬರುತ್ತವೆ. ಡಿಸ್ಕ್‌ಗೆ ಆ ಸೌಕರ್ಯ ಇಲ್ಲ. ಅದಕ್ಕೇ ರಿವರ್ಸ್ ಗೇರ್ ಬಿದ್ದಾಗ ಆಯಿಲ್ ತಡೆಯುವ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ಬೇಕು. ಅದಕ್ಕೆ ಕರೆಂಟ್ ಕೊಡುವುದು ಐದು ಪಿನ್ ಕನೆಕ್ಟರ್‌ನ ನೀಲಿ ವಯರ್. ಅದು ರಿವರ್ಸ್ ಲೈಟ್‌ಗೆ ಸೇರಬೇಕು. ನಿಮ್ಮ ಪಿಕಪ್‌ನಲ್ಲಿ ಏಳು ಪಿನ್‌ನ ಸಾಕೆಟ್ ಇದ್ದರೆ ಅಡಾಪ್ಟರ್ ಸಿಗುತ್ತದೆ. ಜೋಡಿಸಿದ ಮೇಲೆ ಒಬ್ಬರು ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಗೇರ್ ಹಾಕಲಿ, ನೀವು ಪಕ್ಕದಲ್ಲಿ ನಿಂತು ಕಿವಿಗೊಡಿ. ‘ಟಕ್’ ಅಂದರೆ ಸರಿ. ಸದ್ದಿಲ್ಲದಿದ್ದರೆ ಮೊದಲು ಅರ್ತ್ ವಯರ್ ಕೂತಿರುವ ಜಾಗದ ತುಕ್ಕು ಕೆರೆಯಿರಿ.

ಮನೆಯಲ್ಲಿ ಮಾಡಬಹುದು, ಒಂದು ಷರತ್ತು. ಈಗ ಬ್ರೇಕ್ ಇರುವ ಆಕ್ಸಲ್‌ನಲ್ಲಿ ಬೋಲ್ಟ್ ಹಾಕುವ ತಟ್ಟೆ, ಅಂದರೆ ಫ್ಲ್ಯಾಂಜ್ ಇರುತ್ತದೆ. ಕ್ಯಾಲಿಪರ್‌ನ ಬ್ರಾಕೆಟ್ ಕೂರುವುದೂ ಅದರ ಮೇಲೆಯೇ. ಇನ್ನೊಂದು ಆಕ್ಸಲ್ ಬರಿದಾಗಿದ್ದು ಅದಕ್ಕೂ ಬ್ರೇಕ್ ಬೇಕೆಂದರೆ ಫ್ಲ್ಯಾಂಜ್ ವೆಲ್ಡ್ ಮಾಡಬೇಕು. ಅದು ಗ್ಯಾರೇಜಿನವರ ಕೆಲಸ. ಕಿಟ್ ತರಿಸುವ ಮೊದಲು ಚಕ್ರದ ಅಳತೆಯನ್ನೂ ನೋಡಿ. 13 ಇಂಚಿನದಾದರೆ ಎಷ್ಟೋ ಕ್ಯಾಲಿಪರ್‌ಗಳು ರಿಮ್‌ಗೆ ತಾಗುತ್ತವೆ.

ಬ್ರೇಕ್ ಪೈಪನ್ನೂ ಬದಲಿಸಿ. ಮಾಮೂಲಿ ಸ್ಟೀಲ್ ಬೇಡ, ತಾಮ್ರ–ನಿಕ್ಕಲ್ ಮಿಶ್ರಲೋಹದ್ದು ಬಾಗಿಸಲೂ ಸುಲಭ. ಕೈಪಿಡಿ ಬೇರೆ ಹೇಳದಿದ್ದರೆ ಡಾಟ್ 3 ಬ್ರೇಕ್ ಆಯಿಲ್ ಹಾಕಿ, ಸಿಲಿಕೋನ್‌ನ ಡಾಟ್ 5 ಬೆರೆಸಲೇಬೇಡಿ. ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯುವಾಗ ಆ್ಯಕ್ಚುವೇಟರ್‌ಗೆ ಅತಿ ದೂರದ ಚಕ್ರದಿಂದ ಶುರುಮಾಡಿ, ನಡುವೆ ಆಯಿಲ್ ಖಾಲಿಯಾಗದಂತೆ ತುಂಬಿಸುತ್ತಿರಿ. ಎಷ್ಟು ಒತ್ತಿದರೂ ಬ್ರೇಕ್ ಗಟ್ಟಿಯಾಗಲಿಲ್ಲವೆಂದರೆ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರ್‌ನ ಮೇಲ್ತುದಿಯಲ್ಲೇ ಇರಬೇಕು. ಎಡದ್ದು ಬಲಕ್ಕೆ ಹಾಕಿಬಿಟ್ಟರೆ ನಿಪ್ಪಲ್ ಕೆಳಗಾಗಿ ಗಾಳಿ ಒಳಗೇ ಉಳಿಯುತ್ತದೆ.

ಹೊಸ ಬ್ರೇಕ್ ಆದ ಮೇಲೂ ರ್‍ಯಾಂಪ್ ತಲುಪಿದ ಕೂಡಲೇ ಟ್ರೇಲರನ್ನು ನೀರಿಗೆ ಇಳಿಸಬೇಡಿ. ಬಿಸಿ ಹಬ್ ತಟ್ಟನೆ ತಣ್ಣಗಾದರೆ ಸೀಲ್ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಬೇರಿಂಗ್ ಹಾಳಾಗುತ್ತದೆ. ಮಂಜುಗಡ್ಡೆ, ಬುತ್ತಿ, ಗಾಳ ಎಲ್ಲ ಬೋಟ್‌ಗೆ ತುಂಬುವುದನ್ನು ಹಬ್ ಆರುವ ಆ ಹೊತ್ತಿಗೇ ಇಟ್ಟುಕೊಳ್ಳಿ.

ಪ್ರಶ್ನೆ: ಬ್ರಿಸ್ಬೇನ್‌ನಲ್ಲಿ ಬೋಟ್ ದೊಡ್ಡದು ಮಾಡುವ ಯೋಚನೆ ಇದೆ. ಟ್ರೇಲರ್ ಚಕ್ರಗಳ ಮೇಲೆ 2,300 ಕೆಜಿ ಬೀಳುತ್ತದೆ. ಇದೇ ತರಹದ ಬ್ರೇಕ್ ನಮಗೂ ನಡೆಯುತ್ತಾ?

ಉತ್ತರ: ನಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ನೂಕಿನಿಂದ ಹಿಡಿಯುವ ಈ ಬ್ರೇಕ್‌ಗೆ 2,000 ಕೆಜಿವರೆಗೆ ಮಾತ್ರ ಅವಕಾಶ. ಅದನ್ನು ಮೀರಿದರೆ ಎಲ್ಲ ಚಕ್ರಕ್ಕೂ ಬ್ರೇಕ್ ಬೇಕು, ಅದು ಡ್ರೈವರ್ ಸೀಟಿನಿಂದಲೇ ಕೆಲಸ ಮಾಡಬೇಕು. ಟ್ರೇಲರ್ ಕಳಚಿಕೊಂಡರೆ ತಾನಾಗಿಯೇ ಬ್ರೇಕ್ ಬಿದ್ದು ಕನಿಷ್ಠ 15 ನಿಮಿಷ ಹಿಡಿದಿಟ್ಟುಕೊಳ್ಳಬೇಕು. ಬರೀ ಎಲೆಕ್ಟ್ರಿಕ್ ಡ್ರಮ್ ನಾನು ಹೇಳುವುದಿಲ್ಲ, ನೀರಲ್ಲಿ ಮುಳುಗುವ ವಯರ್, ಮ್ಯಾಗ್ನೆಟ್ ಹೆಚ್ಚು ದಿನ ಬಾಳುವುದಿಲ್ಲ. ಕರೆಂಟಿನಿಂದ ಓಡುವ ಪಂಪ್, ಚಕ್ರದಲ್ಲಿ ಹೈಡ್ರಾಲಿಕ್ ಡಿಸ್ಕ್ ಇರುವ ವ್ಯವಸ್ಥೆ ಹಾಕಿಸಿ. ದುಬಾರಿ ಹೌದು. ಕಾರಿನಲ್ಲಿ ಟ್ರೇಲರ್ ಬ್ರೇಕನ್ನು ನಿಯಂತ್ರಿಸುವ ಕಂಟ್ರೋಲರ್ ಕೂರಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ, ಮತ್ತು ಆ ಕಂಟ್ರೋಲರ್ ನಿಮ್ಮ ಪಂಪ್‌ಗೆ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.