ಗುಳ್ಳೆಯಲ್ಲದ ಗುಳ್ಳೆ

ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ (ಅಂಡಾಶಯದಲ್ಲಿ ಹಲವು ಗುಳ್ಳೆಗಳೆಂಬ ಅರ್ಥದ ಹೆಸರು; ಪಿಸಿಓಡಿ ಎಂದು ಜನ ಕರೆಯುವುದೂ ಇದನ್ನೇ) ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: ‘ಪಿಸಿಓಡಿ ಎಂಬ ಮಾತು ಈಗ ಶಾಲೆಗೆ ಹೋಗುವ ಹುಡುಗಿಯರ ಬಾಯಲ್ಲೂ ಇದೆ. ಇನ್ನು ಯಾರಲ್ಲಿ ಜಾಗೃತಿ ಮೂಡಿಸಲು ಹೊರಟಿದ್ದೀರಿ? ನಮ್ಮ ಕಾಲದಲ್ಲಿ ಈ ಕಾಯಿಲೆಯೇ ಇರಲಿಲ್ಲ. ನಿಮ್ಮಂಥವರು ಬರೆದು ಬರೆದು ಅದನ್ನು ಹುಟ್ಟಿಸಿದ್ದೀರಿ. ನನ್ನ 15 ವರ್ಷದ ಮಗಳಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದ ಎರಡೂ ಕಡೆ ನೀರುಗುಳ್ಳೆಗಳಿವೆ ಎಂದು ಹೇಳಿದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಆ ಗುಳ್ಳೆಗಳನ್ನು ತೆಗೆಸಬೇಕೇ, ಇಲ್ಲವೇ ಮದುವೆಯಾಗಿ ಒಂದು ಮಗುವಾದರೆ ತಾವಾಗಿಯೇ ಹೋಗುತ್ತವೆಯೇ ಎಂಬುದನ್ನು ನಿಮ್ಮ ಲೇಖಕರು ಒಂದು ಸಾಲಿನಲ್ಲಿ ಬರೆದಿದ್ದರೆ ಸಾಕಿತ್ತು.’

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಎಲ್ಲರಿಗೂ ಎಲ್ಲವೂ ತಿಳಿದಿದೆ ಎಂದು ಮೊದಲ ಎರಡು ಪುಟಗಳಲ್ಲಿ ವಾದಿಸಿದ್ದೀರಿ. ಉಳಿದ ಎರಡು ಪುಟಗಳಲ್ಲಿ, ನಿಮಗೆ ಅರಿವಿಲ್ಲದೆಯೇ, ಆ ವಾದವನ್ನು ನೀವೇ ಕೆಡವಿದ್ದೀರಿ. ಇದನ್ನು ಹಂಗಿಸಲು ಹೇಳುತ್ತಿಲ್ಲ. ಇಷ್ಟು ಅಕ್ಕರೆಯಿಂದ, ಇಷ್ಟು ಪ್ರಾಮಾಣಿಕವಾಗಿ ತಮ್ಮ ಆತಂಕವನ್ನು ಬರೆದು ಕಳಿಸುವ ಓದುಗರು ಸಿಗುವುದು ಪತ್ರಿಕೆಯ ಭಾಗ್ಯ. ಆದರೆ ಒಂದು ಹೆಸರನ್ನು ಕೇಳಿರುವುದಕ್ಕೂ ಆ ಹೆಸರು ಏನನ್ನು ಸೂಚಿಸುತ್ತದೆ ಎಂದು ತಿಳಿದಿರುವುದಕ್ಕೂ ಇರುವ ದೂರವನ್ನು ನಿಮ್ಮ ಪತ್ರ ತೋರಿಸಿಕೊಟ್ಟಷ್ಟು ಚೆನ್ನಾಗಿ ನಮ್ಮ ಲೇಖನ ತೋರಿಸಿರಲಿಲ್ಲ.

ಒಂದು ವಿಷಯದಲ್ಲಿ ನೀವು ಹೇಳಿದ್ದು ಸರಿ. ಎಳೆಯ ಹುಡುಗಿಯರಿಗೆ ಅವಸರದಲ್ಲಿ ಈ ಹಣೆಪಟ್ಟಿ ಹಚ್ಚಲಾಗುತ್ತಿದೆ. 2023ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಮೈನೆರೆದು 8 ವರ್ಷ ತುಂಬುವ ಮೊದಲು ಪಿಸಿಓಎಸ್ ಗುರುತಿಸಲು ಅಂಡಾಶಯದ ಸ್ಕ್ಯಾನಿಂಗನ್ನು ಆಧಾರವಾಗಿ ಬಳಸಬಾರದು. ಆ ವಯಸ್ಸಿನ ಆರೋಗ್ಯವಂತ ಹುಡುಗಿಯರಲ್ಲೂ ಅಂಡಾಶಯ ಹಾಗೆಯೇ ಕಾಣಿಸುವುದು ಸಾಮಾನ್ಯ. ಅಂದರೆ ನಿಮ್ಮ ನಿದ್ದೆ ಕೆಡಿಸಿದ ಆ ಚಿತ್ರದಿಂದ ನಿಮ್ಮ ಮಗಳಿಗೆ ಪಿಸಿಓಎಸ್ ಇದೆ ಎಂದಾಗಲೀ ಇಲ್ಲವೆಂದಾಗಲೀ ಹೇಳಲು ಬರುವುದಿಲ್ಲ. ನಿಮ್ಮ ವಾದಕ್ಕೆ ಸಲ್ಲಬೇಕಾದದ್ದು ಇಷ್ಟು. ಆದರೆ ಇದಕ್ಕೂ ಕಾರಣ ಜಾಗೃತಿ ಹೆಚ್ಚಾದದ್ದಲ್ಲ, ಅರ್ಧಕ್ಕೇ ನಿಂತದ್ದು ಎಂಬುದನ್ನು ದಯವಿಟ್ಟು ಗಮನಿಸಿ.

ಈಗ ಗುಳ್ಳೆಗಳ ಮಾತು. ಮೊದಲನೆಯದಾಗಿ, ಅವು ಇರುವುದು ಗರ್ಭಕೋಶದಲ್ಲಲ್ಲ, ಅದರ ಎರಡು ಪಕ್ಕಗಳಲ್ಲಿರುವ ಅಂಡಾಶಯಗಳಲ್ಲಿ. ಎರಡನೆಯದಾಗಿ, ಅವು ಗುಳ್ಳೆಗಳೇ ಅಲ್ಲ. ಪ್ರತಿ ಋತುಚಕ್ರದಲ್ಲೂ ಅಂಡಾಶಯದೊಳಗೆ ಅಂಡವನ್ನು ಹೊತ್ತ ಹಲವು ಪುಟ್ಟ ಚೀಲಗಳು ಬೆಳೆಯತೊಡಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಪೂರ್ತಿ ಬಲಿತು, ಒಡೆದು, ಅಂಡವನ್ನು ಹೊರಬಿಡುತ್ತದೆ. ಹಾರ್ಮೋನುಗಳ ಏರುಪೇರಿನಿಂದ ಈ ಬೆಳವಣಿಗೆ ನಡುದಾರಿಯಲ್ಲೇ ನಿಂತುಬಿಟ್ಟಾಗ, 2ರಿಂದ 9 ಮಿಲಿಮೀಟರ್ ಗಾತ್ರದ ಆ ಅರೆಬೆಳೆದ ಚೀಲಗಳು ಸ್ಕ್ಯಾನಿಂಗಿನಲ್ಲಿ ಮಣಿಸರದಂತೆ ಸಾಲಾಗಿ ಕಾಣುತ್ತವೆ. ಅಲ್ಲಿ ಕತ್ತರಿಸಿ ತೆಗೆಯುವಂಥ ಗಡ್ಡೆಯಿಲ್ಲ, ಒಡೆದು ಅಪಾಯ ತರುವಂಥ ಬೊಕ್ಕೆಯೂ ಇಲ್ಲ. ಇನ್ನೂ ವಿಚಿತ್ರವೆಂದರೆ, ಈ ‘ಗುಳ್ಳೆ’ಗಳು ಇಲ್ಲದೆಯೂ ಪಿಸಿಓಎಸ್ ಇರಬಹುದು. 2003ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ಸೇರಿದ್ದ ತಜ್ಞರು ಮೂರು ಲಕ್ಷಣಗಳನ್ನು ಮುಂದಿಟ್ಟರು: ಅಂಡ ಬಿಡುಗಡೆ ಸರಿಯಾಗಿ ಆಗದೆ ಮುಟ್ಟು ಏರುಪೇರಾಗುವುದು, ಗಂಡಸರಲ್ಲಿ ಹೆಚ್ಚಿರುವ ಆಂಡ್ರೋಜೆನ್ ಎಂಬ ಬಗೆಯ ಹಾರ್ಮೋನು ಹೆಚ್ಚಾಗಿರುವುದು ರಕ್ತಪರೀಕ್ಷೆಯಲ್ಲೋ, ಮುಖದ ಮೇಲಿನ ಕೂದಲು ಮತ್ತು ಮೊಡವೆಗಳ ರೂಪದಲ್ಲೋ ಕಾಣುವುದು, ಮತ್ತು ಅಂಡಾಶಯದ ಈ ಚಿತ್ರ. ಬೇರೆ ಕಾರಣಗಳಿಲ್ಲವೆಂದು ಖಚಿತವಾದ ಮೇಲೆ, ವಯಸ್ಕರಲ್ಲಿ ಇವುಗಳಲ್ಲಿ ಯಾವುದಾದರೂ ಎರಡಿದ್ದರೆ ಸಾಕು. ಹಾಗಾಗಿ ಮೊದಲೆರಡು ಇರುವವಳಿಗೆ ಗುಳ್ಳೆಗಳಿಲ್ಲದಿದ್ದರೂ ಈ ತೊಂದರೆ ಇದೆ; ಗುಳ್ಳೆಗಳು ಮಾತ್ರ ಕಂಡು, ಮುಟ್ಟು ಕ್ರಮವಾಗಿದ್ದು, ಬೇರೇನೂ ಇಲ್ಲದವಳಿಗೆ ಈ ತೊಂದರೆ ಇಲ್ಲ. ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವಂಥ ಒಂದು ಲಕ್ಷಣವನ್ನೇ ಕಾಯಿಲೆಯ ಹೆಸರಿಗೆ ಕಟ್ಟಿದ್ದಾರೆ.

ಇಲ್ಲಿ ನನ್ನ ಹಳೆಯ ಹುಚ್ಚು ಹೊರಗೆ ಬರುತ್ತಿದೆ, ಕ್ಷಮಿಸಿ. ತಪ್ಪು ಹೆಸರು ಒಮ್ಮೆ ಬೇರು ಬಿಟ್ಟರೆ ಅದನ್ನು ಕೀಳಲು ಎರಡು ತಲೆಮಾರು ಸಾಲದು ಎಂಬುದು ಇಷ್ಟು ವರ್ಷ ಕರಡು ತಿದ್ದಿ ನಾನು ಕಂಡುಕೊಂಡ ಸತ್ಯ. 1935ರಲ್ಲಿ ಶಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಮುಟ್ಟು ನಿಂತುಹೋಗಿದ್ದ ಏಳು ಮಹಿಳೆಯರ ಕುರಿತು ಬರೆದರು. ಊದಿಕೊಂಡಿದ್ದ ಅಂಡಾಶಯಗಳಿಂದ ಒಂದೊಂದು ಹೋಳನ್ನು ಕತ್ತರಿಸಿ ತೆಗೆದ ಮೇಲೆ ಅವರಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರೂ ಆದರು. ಆ ಯಶಸ್ಸೇ ಒಂದು ಬಗೆಯಲ್ಲಿ ಮುಳುವಾಯಿತು: ಮೂಲ ದೋಷ ಅಂಡಾಶಯದಲ್ಲಿದೆ, ಅದರ ಗುಳ್ಳೆಗಳಲ್ಲಿದೆ ಎಂಬ ನಂಬಿಕೆ ಗಟ್ಟಿಯಾಗಿ ಕುಳಿತುಕೊಂಡಿತು. 1980ರಲ್ಲಿ ಈ ತೊಂದರೆಗೂ ರಕ್ತದಲ್ಲಿ ಇನ್ಸುಲಿನ್ ಹೆಚ್ಚುವುದಕ್ಕೂ ನಂಟಿರುವುದು ಬೆಳಕಿಗೆ ಬಂತು. ದೇಹ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಆಂಡ್ರೋಜೆನ್ ಹೆಚ್ಚಿಸುತ್ತದೆ. ಎಲ್ಲರಲ್ಲೂ ಇದೊಂದೇ ಕಾರಣವೆನ್ನಲಾಗದು, ಆದರೆ ಬಹುಪಾಲು ಮಹಿಳೆಯರಲ್ಲಿ ಇದರ ಕೈವಾಡವಿದೆ. ಹೀಗೆ ಇಡೀ ದೇಹದ ಸಂಗತಿಯಾದದ್ದಕ್ಕೆ ಅಂಡಾಶಯದ ಹೆಸರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಈ ಹೆಸರು ದಾರಿ ತಪ್ಪಿಸುತ್ತಿದೆ, ಬದಲಿಸುವುದೊಳಿತು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2012ರಲ್ಲಿ ಕರೆದಿದ್ದ ಸ್ವತಂತ್ರ ಸಮಿತಿಯೇ ಹೇಳಿತ್ತು.

ಇಂಗ್ಲಿಷಿನವರ ತಪ್ಪಿಗೆ ನಾವು ನಮ್ಮ ಪಾಲನ್ನೂ ಸೇರಿಸಿದ್ದೇವೆ. ಅಂಡಾಶಯವನ್ನು ಗರ್ಭಕೋಶ ಮಾಡಿದೆವು, ಅರೆಬೆಳೆದ ಚೀಲವನ್ನು ನೀರುಗುಳ್ಳೆ ಮಾಡಿದೆವು. ನಿಮಗೆ ಬುದ್ಧಿ ಹೇಳುವ ಮುನ್ನ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು: ಹಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯಲ್ಲೇ ‘ಗರ್ಭಕೋಶದ ಗುಳ್ಳೆಗಳು: ಇರಲಿ ಎಚ್ಚರ’ ಎಂಬ ತಲೆಬರಹ ಅಚ್ಚಾಯಿತು. ಕರಡು ನೋಡಿದ್ದು ನಾನೇ. ಅದೇ ಸಂಚಿಕೆಯ ಪದಬಂಧದಲ್ಲಿ ಒಂದು ಚೌಕ ತಪ್ಪಿದ್ದಕ್ಕೆ ಪತ್ರಗಳ ರಾಶಿಯೇ ಬಂತು; ತಲೆಬರಹದಲ್ಲಿ ಒಂದು ಅಂಗವೇ ತಪ್ಪಿದ್ದಕ್ಕೆ ಒಂದೇ ಒಂದು ಪತ್ರವೂ ಬರಲಿಲ್ಲ. ತನ್ನ ದೇಹದ ಭಾಗಗಳ ಹೆಸರನ್ನು ತಪ್ಪಾಗಿ ಓದಿಯೂ ಓದುಗ ವರ್ಗ ಸುಮ್ಮನಿದ್ದರೆ, ಆ ಮೌನಕ್ಕೆ ನಮ್ಮಂಥ ಪತ್ರಿಕೆಗಳು ದಶಕಗಳಿಂದ ಬಳಸಿದ ಮುಚ್ಚುಮರೆಯ ಭಾಷೆಯೇ ಕಾರಣವೆಂದು ಅಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ನಿಮ್ಮ ಕಾಲದಲ್ಲಿ ಈ ಕಾಯಿಲೆ ಇರಲಿಲ್ಲವೆಂದಿರಿ. 1721ರಲ್ಲೇ ಇಟಲಿಯ ವೈದ್ಯ ವಾಲಿಸ್ನೇರಿ, ಮಕ್ಕಳಾಗದ, ತುಸು ಮೈತುಂಬಿಕೊಂಡಿದ್ದ ಯುವ ವಿವಾಹಿತೆಯರ ಅಂಡಾಶಯಗಳು ಪಾರಿವಾಳದ ಮೊಟ್ಟೆಯಂತೆ ಬಿಳುಪಾಗಿ, ಉಬ್ಬುತಗ್ಗಾಗಿ ಹೊಳೆಯುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಅಷ್ಟು ದೂರ ಹೋಗುವುದೂ ಬೇಡ. ನನ್ನ ಚಿಕ್ಕಮ್ಮನನ್ನು ನೆನೆಯುತ್ತೇನೆ. ಅವರಿಗೆ ವರ್ಷಕ್ಕೆ ಮೂರೋ ನಾಲ್ಕೋ ಸಲ ಮುಟ್ಟಾಗುತ್ತಿತ್ತು. ಉಳಿದ ಹೆಂಗಸರು ಅದನ್ನು ಅದೃಷ್ಟವೆಂದೇ ಎಣಿಸುತ್ತಿದ್ದರು. ಗಲ್ಲದ ಮೇಲೆ ಬೆಳೆಯುತ್ತಿದ್ದ ಕೂದಲನ್ನು ಅವರು ಕೋಣೆಯ ಬಾಗಿಲು ಹಾಕಿಕೊಂಡು ಚಿಮುಟದಿಂದ ಕೀಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ಒಮ್ಮೆ ನೋಡಿಬಿಟ್ಟಿದ್ದೆ. ನನ್ನನ್ನು ಬೈಯಲಿಲ್ಲ, ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡರು. ಕುತ್ತಿಗೆಯ ಹಿಂದಿನ ಕಪ್ಪನ್ನು ಕೊಳೆಯೆಂದು ತಿಳಿದು ಚರ್ಮ ಕೆಂಪಾಗುವಷ್ಟು ಉಜ್ಜುತ್ತಿದ್ದರು. ಇನ್ಸುಲಿನ್ ಕೆಲಸ ಕೆಟ್ಟಾಗ ಚರ್ಮ ಹಾಗೆ ಕಪ್ಪಾಗುತ್ತದೆ, ಉಜ್ಜಿದರೆ ಹೋಗುವಂಥದ್ದಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ನಲವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ ಬಂತು. ಕೂದಲಿಗೊಂದು ಕಾರಣ, ಕಪ್ಪಿಗೊಂದು ಕಾರಣ, ಮುಟ್ಟಿಗೊಂದು ಕಾರಣ, ಸಕ್ಕರೆಗೊಂದು ಕಾರಣ ಎಂದು ಹುಡುಕಿದರೇ ಹೊರತು ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡಿದವರಿಲ್ಲ. ಅವರಿಗೆ ಪಿಸಿಓಎಸ್ ಇತ್ತೆಂದು ನಾನು ತೀರ್ಪು ಕೊಡಲಾರೆ. ಆದರೆ ಹೆಸರಿಲ್ಲದ್ದನ್ನು ಇರಲಿಲ್ಲವೆಂದು ಯಾರಾದರೂ ಹೇಳಿದಾಗಲೆಲ್ಲ ಆ ಮುಚ್ಚಿದ ಬಾಗಿಲು ನನ್ನ ಕಣ್ಣ ಮುಂದೆ ಬರುತ್ತದೆ.

ಅದು ಹಳೆಯ ಕಾಲ, ಈಗ ಹಾಗಿಲ್ಲ ಎನ್ನುತ್ತೀರೋ? 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಪಿಸಿಓಎಸ್ ಇರುವ 1,385 ಮಹಿಳೆಯರು ಪ್ರಶ್ನೆಗಳಿಗೆ ಉತ್ತರಿಸಿದ್ದರು. ಹೆಚ್ಚಿನವರು ಉತ್ತರ ಅಮೆರಿಕ ಮತ್ತು ಯೂರೋಪಿನವರು. ಅವರಲ್ಲಿ ಮೂರನೆಯ ಒಂದು ಭಾಗದವರಿಗೆ ತಮ್ಮ ತೊಂದರೆ ಏನೆಂದು ತಿಳಿಯಲು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿದಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೂರು ಅಥವಾ ಅದಕ್ಕೂ ಹೆಚ್ಚು ವೈದ್ಯಕೀಯ ಸಿಬ್ಬಂದಿಯ ಬಳಿ ಅಲೆದಿದ್ದರು. ತಮಗೆ ದೊರೆತ ಮಾಹಿತಿ ತೃಪ್ತಿಕರವಾಗಿತ್ತೆಂದವರು ನೂರಕ್ಕೆ 16ರಷ್ಟು ಮಾತ್ರ. ಸಂತಾನ ಪಡೆಯುವ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಈ ತೊಂದರೆಯಿದ್ದು, ಅವರಲ್ಲಿ ನೂರಕ್ಕೆ 70ರವರೆಗೆ ಇನ್ನೂ ಗುರುತಿಸಲ್ಪಟ್ಟಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ‘ಎಲ್ಲರಿಗೂ ಗೊತ್ತಿದೆ’ ಎನ್ನುವಾಗ ನೀವು ಎಣಿಸಿದ್ದು ಆ ಉಳಿದ 30 ಮಂದಿಯನ್ನೇ ಇರಬೇಕು.

ಇನ್ನು ಮದುವೆಯ ಮಾತು. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಬೇಸರ ತಂದದ್ದು ಇದೊಂದೇ, ಅದೂ ನಿಮ್ಮ ಮೇಲಿನ ಬೇಸರವಲ್ಲ. ಮದುವೆಯಿಂದಾಗಲೀ ಹೆರಿಗೆಯಿಂದಾಗಲೀ ಇದು ವಾಸಿಯಾಗುವುದಿಲ್ಲ. ಹೆಣ್ಣಿನ ದೇಹದ ಯಾವ ತೊಂದರೆಯನ್ನೇ ಆಗಲಿ ಮಗುವಾಗುತ್ತದೆಯೋ ಇಲ್ಲವೋ ಎಂಬ ಒಂದೇ ತಕ್ಕಡಿಯಲ್ಲಿ ತೂಗುವ ಚಾಳಿ ಎಷ್ಟು ಹಳೆಯದೆಂದರೆ, ವಿದ್ಯಾವಂತರಿಗೂ ಅದು ಚಾಳಿಯೆಂದು ತೋರುವುದಿಲ್ಲ. ಪಿಸಿಓಎಸ್ ಇರುವ ಬಹುತೇಕ ಮಹಿಳೆಯರು ತಾಯಂದಿರಾಗುತ್ತಾರೆ. ಅಂಡ ಬಿಡುಗಡೆಗೆ ನೆರವಾಗುವ ಲೆಟ್ರೊಜೋಲ್‌ನಂಥ ಒಳ್ಳೆಯ ಔಷಧಗಳಿವೆ. ಮಗು ಬೇಡವೆನ್ನುವವಳಿಗೂ, ಮಗುವಾಗಿ ಮುಗಿದವಳಿಗೂ ಉಳಿಯುವ ಪ್ರಶ್ನೆಗಳು ಬೇರೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ, ಮುಂದೆ ಅಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚುತ್ತದೆ. ಒಟ್ಟಾರೆಯಾಗಿ ಆ ಅಪಾಯ ಚಿಕ್ಕದೇ, ಮಾತ್ರೆಗಳಿಂದ ತಡೆಯಬಹುದಾದದ್ದು ಕೂಡ, ಆದರೆ ಅದನ್ನು ಯಾರಾದರೂ ಆಕೆಗೆ ಹೇಳಬೇಕಲ್ಲ. ಸಕ್ಕರೆ ಕಾಯಿಲೆಯ ಸಾಧ್ಯತೆಯೂ ಹೆಚ್ಚು. ಖಿನ್ನತೆ ಮತ್ತು ಆತಂಕಗಳನ್ನು ವಿಚಾರಿಸಲೇಬೇಕೆಂದು ಮಾರ್ಗಸೂಚಿ ಹೇಳುತ್ತದೆ. ವಿಚಾರಿಸಿಕೊಂಡವರು ಎಷ್ಟು ಮಂದಿ? ಅದರ ಬದಲು ಆಕೆ ಕೇಳುವುದು ‘ಮೊದಲು ತೂಕ ಇಳಿಸಿಕೊಂಡು ಬಾ’ ಎಂಬ ಗದರಿಕೆಯನ್ನು. ತೂಕ ಇಳಿದರೆ ಹಲವರಿಗೆ ಅನುಕೂಲವಾಗುವುದು ನಿಜ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುವುದು, ಯಾವುದೋ ಒಂದು ವಿಶೇಷ ಪಥ್ಯ ಉಳಿದವುಗಳಿಗಿಂತ ಮೇಲೆಂದು ಸಿದ್ಧವಾಗದಿರುವುದು, ಗದರಿಕೆಯಿಂದ ಯಾರ ಇನ್ಸುಲಿನ್ನೂ ಸರಿಹೋಗದಿರುವುದು ಕೂಡ ಅಷ್ಟೇ ನಿಜ.

ಪ್ರತಿ ಸೆಪ್ಟೆಂಬರಿನಲ್ಲಿ ಈ ಕಾಯಿಲೆಯ ಜಾಗೃತಿ ಮಾಸಾಚರಣೆ ಬರುತ್ತದೆ. ಪತ್ರಿಕಾ ಪ್ರಕಟಣೆಗಳು ನನ್ನ ಮೇಜಿನ ಮೇಲೆ ಬಂದು ಬೀಳುತ್ತವೆ, ಅವುಗಳ ಜೊತೆಯಲ್ಲೇ ‘90 ದಿನಗಳಲ್ಲಿ ಬುಡಸಮೇತ ನಿವಾರಣೆ’ ಎಂಬ ಜಾಹೀರಾತುಗಳೂ. ಎರಡರಲ್ಲೂ ಹೆಸರು ದೊಡ್ಡ ಅಕ್ಷರಗಳಲ್ಲಿ ಇರುತ್ತದೆ, ವಿವರಣೆ ಎರಡರಲ್ಲೂ ಇರುವುದಿಲ್ಲ. ಬುಡಸಮೇತ ನಿವಾರಿಸುವ ಔಷಧ ಇದಕ್ಕಿಲ್ಲ. ಹತೋಟಿಯಲ್ಲಿಡುವ ದಾರಿಗಳು ಬೇಕಾದಷ್ಟಿವೆ. ಅಂಥ ಒಂದು ಜಾಹೀರಾತನ್ನು ಹಿಂದಿರುಗಿಸಿದ್ದಕ್ಕೆ ನಮ್ಮ ಜಾಹೀರಾತು ವಿಭಾಗದವರು ನನ್ನ ಮೇಲೆ ಮುನಿಸಿಕೊಂಡು ಈಗಾಗಲೇ ಎರಡು ತಿಂಗಳಾಯಿತು. ಇದು ನಿಮಗೆ ಸಂಬಂಧಿಸಿದ ಮಾತಲ್ಲ, ಆದರೂ ಹೇಳಿಕೊಳ್ಳಬೇಕೆನಿಸಿತು.

ನಿಮ್ಮ ಮಗಳ ವಿಷಯಕ್ಕೆ ಮರಳುತ್ತೇನೆ. ಸ್ಕ್ಯಾನಿಂಗಿನ ಚಿತ್ರವನ್ನು ಸದ್ಯಕ್ಕೆ ಬೀರುವಿನಲ್ಲಿಡಿ. ಅವಳ ಮುಟ್ಟಿನ ದಿನಾಂಕಗಳನ್ನು ಅವಳೇ ಒಂದು ಪುಸ್ತಕದಲ್ಲಿ ಬರೆದಿಡಲಿ. ಮೈನೆರೆದು ಮೂರು ವರ್ಷಗಳಾಗುವ ತನಕ 45 ದಿನಗಳವರೆಗಿನ ಅಂತರ ಸಹಜವೇ. ಅನಂತರ 21 ದಿನಗಳಿಗಿಂತ ಕಡಿಮೆ ಅಥವಾ 35 ದಿನಗಳಿಗಿಂತ ಹೆಚ್ಚು ಅಂತರವಿದ್ದರೆ, ಅಥವಾ ಮೊದಲ ವರ್ಷ ಕಳೆದ ಮೇಲೆ ಯಾವುದೇ ಒಂದು ಸಲ 90 ದಿನ ಮೀರಿದರೆ, ಆ ಪುಸ್ತಕವನ್ನು ಹಿಡಿದು ವೈದ್ಯರ ಬಳಿ ಹೋಗಿ. ಈ ವಯಸ್ಸಿನಲ್ಲಿ ಮುಟ್ಟಿನ ಏರುಪೇರು ಮತ್ತು ಆಂಡ್ರೋಜೆನ್ ಹೆಚ್ಚಳ ಎರಡೂ ಇದ್ದರೆ ಮಾತ್ರ ಪಿಸಿಓಎಸ್ ಎನ್ನುತ್ತಾರೆ; ಹಾಗೆ ಖಚಿತವಾದರೆ ರಕ್ತದ ಸಕ್ಕರೆಯನ್ನೂ ನೋಡಿ ಎಂದು ನೀವೇ ಕೇಳಿ. ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ವೈದ್ಯರ ಎದುರು ಮಾತನಾಡುವ ಅವಕಾಶವನ್ನು ಅವಳಿಗೇ ಬಿಡಿ. ನಿಮ್ಮ ಪತ್ರದ ನಾಲ್ಕು ಪುಟಗಳಲ್ಲಿ ಅವಳು ಹೇಳಿದ ಒಂದು ಮಾತೂ ನನಗೆ ಸಿಗಲಿಲ್ಲ.

ಹೆಸರು, ಊರು ಯಾವುದನ್ನೂ ಪ್ರಕಟಿಸಬಾರದೆಂದು ಪತ್ರದ ಕೊನೆಯಲ್ಲಿ ಎರಡು ಬಾರಿ ಅಡಿಗೆರೆ ಎಳೆದು ಕೇಳಿಕೊಂಡಿದ್ದೀರಿ. ಪ್ರಕಟಿಸಿಲ್ಲ. ಕಳೆದ ವರ್ಷ ಸಕ್ಕರೆ ಕಾಯಿಲೆಯ ಲೇಖನಕ್ಕೆ ಬಂದ ಪತ್ರಗಳ ಕಟ್ಟನ್ನು ಈ ಉತ್ತರ ಬರೆಯುವ ಮುನ್ನ ತೆಗೆದು ನೋಡಿದೆ. ಅವರಲ್ಲಿ ಒಬ್ಬರೂ ಹೀಗೆ ಕೇಳಿರಲಿಲ್ಲ.

— ಸಂಪಾದಕರು